ಬಿಸಿ ತಿಳಿಯದ ಕೈ

ಆಸ್ಪತ್ರೆಯಲ್ಲಿ ನನ್ನ ಕೆಲಸ ಇಸಿಜಿ ತೆಗೆಯುವುದು. ಎದೆಗೆ ರಬ್ಬರ್ ಬಟ್ಟಲು ಅಂಟಿಸಿ, ಕೈಕಾಲಿಗೆ ಕ್ಲಿಪ್ಪು ಹಾಕಿ, ಅಲುಗಾಡಬೇಡಿ ಎಂದು ಹೇಳಿ, ಮಷೀನಿನ ಗುಂಡಿ ಒತ್ತುವುದು. ಚಿಕ್ಕಬಳ್ಳಾಪುರದಲ್ಲಿ ಹನ್ನೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕಾಗದ ಹೊರಗೆ ಬಂದ ಕೂಡಲೇ ಎಲ್ಲರೂ ತಲೆಯೆತ್ತಿ ಒಂದೇ ಪ್ರಶ್ನೆ ಕೇಳುತ್ತಾರೆ: "ಏನಾದ್ರೂ ಇದ್ಯಾ?" ಒಂದು ಕಾಲಕ್ಕೆ ನಾನು ಧಾರಾಳವಾಗಿ "ಏನೂ ಇಲ್ಲ, ಹೋಗಿ" ಅನ್ನುತ್ತಿದ್ದೆ. ನನ್ನ ಗಂಟೇನು ಹೋಗಬೇಕು? ಈಗ ಅನ್ನುವುದಿಲ್ಲ. ಆ ಮಾತನ್ನು ನನ್ನ ಬಾಯಿಂದ ಕಿತ್ತುಕೊಂಡವಳು ಶಿಡ್ಲಘಟ್ಟದ ಅಕ್ಕಯ್ಯ. ಹೋದ ತಿಂಗಳು ತೀರಿಕೊಂಡಳು.

ಅವಳ ಹೆಸರು ಬರೆಯುವುದಿಲ್ಲ. ರೇಷನ್ ಕಾರ್ಡು ಬಿಟ್ಟರೆ ಆ ಹೆಸರು ಇನ್ನೆಲ್ಲೂ ಬಳಕೆಯಾಗಿದ್ದನ್ನು ನಾನು ಕಾಣೆ. ಬೀದಿಗೆಲ್ಲ ಅಕ್ಕಯ್ಯ, ನೂಲು ತೆಗೆಯುವ ಯೂನಿಟ್ಟಿಗೂ ಅಕ್ಕಯ್ಯ. ಗೌರವಕ್ಕೆಂದು ಬಹುವಚನ ಹಚ್ಚಿದರೆ "ನಾನೇನು ತಹಶೀಲ್ದಾರಳಾ?" ಎಂದು ನಗುತ್ತಿದ್ದಳು. ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ.

ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ತಮ್ಮನ ಮಗಳನ್ನು ಮಗುವಾಗಿದ್ದಾಗಲೇ ತಂದು ಸಾಕಿಕೊಂಡಿದ್ದಳು. ಗಿಡ್ಡ ಆಳು, ಅಗಲವಾದ ಭುಜ. ಸೀರೆಯ ಸೆರಗಿಗೆ ಯಾವಾಗಲೂ ಬೆಂದ ರೇಷ್ಮೆಗೂಡಿನ ವಾಸನೆ. ಊರಿಗೆ ಹೊಸಬರು ಬಂದರೆ ಮೂಗು ಮುಚ್ಚಿಕೊಳ್ಳುವ ವಾಸನೆ ಅದು. ನಮಗೆ ಅದಿಲ್ಲದಿದ್ದರೇ ಏನೋ ಕಳಕೊಂಡಂತೆ. ಅರ್ಧ ಕನ್ನಡ ಅರ್ಧ ತೆಲುಗು ಮಾತು. ಧೈರ್ಯ ಹೇಳುವಾಗ ಮಾತ್ರ ಪೂರಾ ತೆಲುಗು. ಯಾರು ಏನೇ ತೊಂದರೆ ಹೇಳಿಕೊಂಡರೂ ಕೈಯಾಡಿಸಿ "ಏಂ ಕಾದು, ಏಂ ಕಾದು" ಅನ್ನುವಳು. ಏನೂ ಆಗಲ್ಲ ಎಂದು ಕನ್ನಡದಲ್ಲಿ ಹೇಳಿದರೆ ಅವಳಿಗೆ ಅಷ್ಟು ನಂಬಿಕೆ ಬರುತ್ತಿರಲಿಲ್ಲವೋ ಏನೋ.

ಪಿಯುಸಿ ಮುಗಿಸಿ, ಮುಂದೇನು ಎಂದು ತಿಳಿಯದೆ ಕೂತಿದ್ದ ಒಂದು ವರ್ಷ ನಾನೂ ಅವಳ ಯೂನಿಟ್ಟಿಗೆ ಕೆಲಸಕ್ಕೆ ಹೋದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಬೆರಳಿನಿಂದ ತಡಕಿ ಎಳೆಯ ತುದಿ ಹುಡುಕಬೇಕು. ಏಳೆಂಟು ಗೂಡಿನ ಎಳೆ ಸೇರಿಸಿ ಮೇಲಿನ ರಾಟೆಗೆ ಕೊಡಬೇಕು. ದಿನವಿಡೀ ಕೈ ಬಿಸಿನೀರಿನಲ್ಲಿ. ಪಕ್ಕದಲ್ಲಿ ಒಂದು ಬಟ್ಟಲು ತಣ್ಣೀರು ಇರುತ್ತದೆ, ಬೆರಳು ಸುಟ್ಟಾಗ ಅದ್ದಿಕೊಳ್ಳಲಿಕ್ಕೆ. ಮೊದಲ ವಾರವೇ ನನ್ನ ಹತ್ತೂ ಬೆರಳು ಬೊಬ್ಬೆ. ಅಕ್ಕಯ್ಯನ ಪಕ್ಕದಲ್ಲಿ ತಣ್ಣೀರಿನ ಬಟ್ಟಲೇ ಇರಲಿಲ್ಲ. ತನ್ನ ಕೈಯನ್ನು ನನ್ನ ತೊಟ್ಟಿಯಲ್ಲಿ ಮಣಿಕಟ್ಟಿನವರೆಗೆ ಇಳಿಸಿ, ಹಾಗೇ ಇಟ್ಟುಕೊಂಡು ಪಾಠ ಹೇಳುತ್ತಿದ್ದಳು. "ತುದಿ ಹುಡುಕಬಾರ್ದಮ್ಮ, ಅದೇ ಬಂದು ಬೆರಳಿಗೆ ಸಿಕ್ಕೊಳ್ಳತ್ತೆ. ನೀನು ಕೈ ಎಳ್ಕೊಂಡ್ರೆ ಹೆಂಗೆ ಸಿಕ್ಕೀತು?" ನಾನು ಅವಳ ಪಾಠ ಕೇಳುತ್ತಿರಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದೆ.

ಎಲ್ಲರೂ ನೋಡುತ್ತಿದ್ದರು. ಅವಳ ಕೈ ಜಡ್ಡುಗಟ್ಟಿದೆ, ಮೂವತ್ತು ವರ್ಷದ ಕೆಲಸ ಎಂದರೆ ಸುಮ್ಮನೆಯೇ ಎನ್ನುತ್ತಿದ್ದರು. ನಮ್ಮ ಸಾಲಿನ ಆರು ತೊಟ್ಟಿಗೂ ಸೇರಿ ಒಂದೇ ಆವಿಯ ಪೈಪು, ಒಂದೇ ವಾಲ್ವು. ನೀರಿನ ಹದ ನೋಡಲು ಯಜಮಾನರಾದ ಸಾಬರು ಬೇರೆ ಯಾರನ್ನೂ ಕೇಳುತ್ತಿರಲಿಲ್ಲ. "ಅಮ್ಮಾ, ಜರಾ ನೋಡಿ" ಅನ್ನುವರು. ಅಕ್ಕಯ್ಯ ಬೆರಳದ್ದಿ "ಇನ್ನೂ ಬಿಡಿ" ಅಂದರೆ ಆವಿ ಬರುತ್ತಿತ್ತು, ತೆಲುಗಿನಲ್ಲಿ "ಚಾಲು", ಸಾಕು, ಅಂದ ಕೂಡಲೇ ನಿಲ್ಲುತ್ತಿತ್ತು. ಅವಳಿಗೆ ಅದೊಂದು ಪದವಿ.

ಒಂದು ದಿನ ಅವಳು ಎರಡು ಸಲ "ಇನ್ನೂ ಬಿಡಿ" ಅಂದಳು. ಪಕ್ಕದ ತೊಟ್ಟಿಯಲ್ಲಿ ಲಕ್ಷ್ಮೀದೇವಮ್ಮ ಎಂಬವಳು ಕೂತಿದ್ದಳು. ನೀರಿಗೆ ಕೈ ಹಾಕಿದವಳು ಕೂಗಿಕೊಂಡು ಎದ್ದುಬಿಟ್ಟಳು. "ಅಕ್ಕಯ್ಯಾ, ಕುದೀತೈತೆ ಇದು." ಅಕ್ಕಯ್ಯ ಆ ತೊಟ್ಟಿಗೂ ಕೈ ಹಾಕಿ ಆಡಿಸಿದಳು. "ಉಗುರು ಬೆಚ್ಚಗಿದೆ. ನಾಟಕ ಆಡಬೇಡ ಕಣೇ, ಕೂತ್ಕೊ." ಲಕ್ಷ್ಮೀದೇವಮ್ಮ ಎಲ್ಲರ ಮುಖ ನೋಡಿದಳು. ನಾವು ಯಾರೂ ಮಾತಾಡಲಿಲ್ಲ. ನನ್ನ ತೊಟ್ಟಿಯೂ ಕುದಿಯುತ್ತಿತ್ತು, ನನಗೆ ಗೊತ್ತಿತ್ತು. ಆದರೆ ಅಕ್ಕಯ್ಯನ ಕೈಗಿಂತ ನನ್ನ ಕೈ ಹೆಚ್ಚೇ? ನನ್ನದೇ ಮೃದುವೆಂದು ನಾಚಿಕೆಪಟ್ಟು ಸುಮ್ಮನಿದ್ದೆ. ಲಕ್ಷ್ಮೀದೇವಮ್ಮ ಕೂತಳು. ಸಂಜೆಯ ಹೊತ್ತಿಗೆ ಅವಳ ಬಲಗೈಯ ಚರ್ಮ ಸುಲಿದು ಬಂದಿತ್ತು. ಆಮೇಲೆ ಅದು ಕೀವಾಯಿತು. ಎರಡು ಬೆರಳು ಪೂರ್ತಿ ಮಡಚಲಾಗದೆ ನಿಂತವು. ಅವಳು ಕೆಲಸ ಬಿಟ್ಟು ಕೆಂಚಾರ್ಲಹಳ್ಳಿಯ ತೌರಿಗೆ ಹೋದಳು. ಸುಖದ ಮೈ, ಈ ಕೆಲಸ ಅವಳಿಗೆಲ್ಲಿ ಆಗಬೇಕು ಎಂದು ಯೂನಿಟ್ಟು ಆಡಿಕೊಂಡಿತು. ಸ್ವಲ್ಪ ದಿನಕ್ಕೆ ನಾನೂ ಬಿಟ್ಟೆ. "ನಿನ್ನ ಕೈ ನೂಲಿಗಲ್ಲ ಕಣಮ್ಮ, ಹೋಗಿ ಓದ್ಕೊ" ಎಂದು ಅಕ್ಕಯ್ಯನೇ ಕಳಿಸಿದಳು. ಹಾಗೆ ನಾನು ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದು.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಎಂದಿನಿಂದ ಎಂದು ಯಾರಿಗೂ ಗೊತ್ತಿಲ್ಲ. ಕಾಲಿಗೆ ಚುಚ್ಚಿದ ಮುಳ್ಳಿನ ಗಾಯ ಮೂರು ತಿಂಗಳಾದರೂ ಮಾಯದಿದ್ದಾಗ ಬೆಳಕಿಗೆ ಬಂತು. ಮುಳ್ಳು ಚುಚ್ಚಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ, ನೆಲದ ಮೇಲಿನ ರಕ್ತ ನೋಡಿ ತಮ್ಮನ ಮಗಳು ಹೇಳಿದ್ದು. ಅದನ್ನೂ ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಮಾತ್ರೆ ಮನಸ್ಸು ಬಂದಾಗ ನುಂಗುವುದು. ನೋವಿನ ಬಗ್ಗೆ ಅವಳದೇ ಒಂದು ಮಾತಿತ್ತು: "ನೋವು ಅಂದ್ರೆ ನೆಂಟ ಕಣೇ. ಬಂದ್ರೆ ಬಾಗಿಲು ತಟ್ತಾನೆ. ತಟ್ಟಲಿ, ಆಮೇಲೆ ನೋಡಣ."

ನಾನು ಆಸ್ಪತ್ರೆ ಸೇರಿ ಆರೇಳು ವರ್ಷವಾದ ಮೇಲೆ ಒಂದು ಬೆಳಿಗ್ಗೆ ತಮ್ಮನ ಮಗಳು ಅವಳನ್ನು ಕರೆದುಕೊಂಡು ಬಂದಳು. ಎದೆನೋವೇನಿಲ್ಲ. ಮಹಡಿಗೆ ಗೂಡಿನ ಬುಟ್ಟಿ ಒಯ್ಯುವಾಗ ನಡುವೆ ಒಂದು ಮೆಟ್ಟಿಲ ಮೇಲೆ ಕೂರುತ್ತಾಳಂತೆ, ಮೊದಲು ಕೂರುತ್ತಿರಲಿಲ್ಲವಂತೆ, ಅಷ್ಟೇ. "ವಯಸ್ಸಾಗಲ್ವಾ, ಇವಳದೊಂದು ಹುಚ್ಚು" ಎಂದು ಗೊಣಗುತ್ತಲೇ ಅಕ್ಕಯ್ಯ ಮಲಗಿದಳು. ಇಸಿಜಿ ತೆಗೆದೆ. ಗೆರೆಗಳು ಒಪ್ಪವಾಗಿ ಬಂದವು. ಮೇಲ್ಗಡೆ ಮಷೀನೇ ನಾರ್ಮಲ್ ಎಂದು ಅಚ್ಚು ಹಾಕಿತ್ತು. ಡಾಕ್ಟರು ಎಮರ್ಜೆನ್ಸಿಯಲ್ಲಿದ್ದರು, ಹೊರಗೆ ಮೂವತ್ತು ಜನರ ಸಾಲು. ನಮ್ಮವಳು, ಕಾಯುವುದು ಯಾಕೆ ಎಂದು ದೊಡ್ಡಸ್ತಿಕೆ ತೋರಿಸಲು ಹೋದೆ. "ಅಕ್ಕಯ್ಯ, ನಿನ್ನ ಹಾರ್ಟು ಕಬ್ಬಿಣ. ಏನೂ ಇಲ್ಲ, ಹೋಗು."

ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಲು ಹೋದಳಂತೆ. ಬಿಸಿ ತಾಗಿದರೆ ಈ ಕಾಗದ ಕಪ್ಪಾಗುತ್ತದೆ ಎಂದು ಜೆರಾಕ್ಸ್ ಅಂಗಡಿಯವನು ಒಪ್ಪದೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟನಂತೆ. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. ಸ್ವಲ್ಪ ಕೂತು ಸುಧಾರಿಸಿಕೊ ಎಂದು ಯಾರಾದರೂ ಅಂದರೆ ಅದನ್ನು ತೆಗೆದು ತೋರಿಸುವಳು. "ನಮ್ಮ ಹುಡುಗಿ ತೆಗೆದಿದ್ದು. ದೊಡ್ಡಾಸ್ಪತ್ರೇಲಿ." ತಮ್ಮನ ಮಗಳು ಫೋನಿನಲ್ಲಿ ಇದನ್ನು ಹೇಳಿದಾಗ ನಾನೂ ಉಬ್ಬಿಹೋಗಿದ್ದೆ. ಇವತ್ತು ನೆನೆದರೆ ನಾಚಿಕೆಯಾಗುತ್ತದೆ.

ಅದಾಗಿ ಎಂಟು ತಿಂಗಳಿಗೆ ಗೌರಿಬಿದನೂರು ಕಡೆಯ ಒಬ್ಬ ಮೇಷ್ಟ್ರು ನಮ್ಮಲ್ಲಿಗೆ ಬಂದರು. ಹಳೆಯ ಸಕ್ಕರೆ ಕಾಯಿಲೆ, ಎದೆನೋವಿಲ್ಲ, ಇಸಿಜಿ ಚೆನ್ನಾಗಿತ್ತು. ಹೊಸದಾಗಿ ಬಂದಿದ್ದ ಡಾಕ್ಟರು ಆದರೂ ಬಿಡದೆ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಮೇಷ್ಟ್ರು ಮಕ್ಕಳ ಪರೀಕ್ಷೆಯ ಸುದ್ದಿ ಹೇಳುತ್ತ ನಡೆಯುತ್ತಿದ್ದಂತೆ ತೆರೆಯ ಮೇಲಿನ ಗೆರೆ ತಗ್ಗುತ್ತ ಹೋಯಿತು. ಡಾಕ್ಟರು ನಿಲ್ಲಿಸಿ, ಅವರನ್ನು ಕೂರಿಸಿ ಹೇಳಿದರು: "ಹೃದಯಕ್ಕೂ ರಕ್ತ ಬೇಕಲ್ಲ ಸಾರ್, ಅದು ಹೋಗೋ ನಾಳ ಕಿರಿದಾಗಿರೋ ಹಾಗಿದೆ. ಮಲಗಿದ್ದಾಗ ಬರೋ ರಕ್ತ ಸಾಕಾಗುತ್ತೆ, ಅದಕ್ಕೇ ಇಸಿಜಿ ಚೆನ್ನಾಗಿತ್ತು. ನಡೆದಾಗ ಸಾಲಲ್ಲ. ಬೇರೆಯವರಿಗೆ ಆಗ ಎದೆ ನೋಯುತ್ತೆ, ನಿಂತ್ಕೋತಾರೆ. ನಿಮ್ಮ ಸಕ್ಕರೆ ಕಾಯಿಲೆ ಹಳೇದು, ನೋವಿನ ಸುದ್ದಿ ಒಯ್ಯೋ ನರಾನೇ ಮಂಕಾಗಿದೆ. ಪಾದ ಜೋಮು ಅಂತೀರಲ್ಲ, ಒಳಗೂ ಹಾಗೇ."

ನಾನು ಮೇಷ್ಟ್ರ ಎದೆಯ ಮೇಲಿನ ಜೆಲ್ ಒರೆಸುತ್ತಿದ್ದೆ. ಜೋಮು ಎಂಬ ಮಾತು ಕೇಳಿದ ಕೂಡಲೇ ಕುದಿಯುವ ತೊಟ್ಟಿಯಲ್ಲಿ ಮಣಿಕಟ್ಟಿನವರೆಗೆ ಇಳಿದಿದ್ದ ಆ ಕೈ ಕಣ್ಣಿಗೆ ಬಂತು. ಅದು ಬರೀ ಜಡ್ಡಲ್ಲ. ಅವಳಿಗೆ ಬಿಸಿ ತಿಳಿಯುತ್ತಲೇ ಇರಲಿಲ್ಲ. ರಜೆ ಬರೆದುಕೊಟ್ಟು ಶಿಡ್ಲಘಟ್ಟದ ಬಸ್ಸು ಹತ್ತಿದೆ.

ಅಕ್ಕಯ್ಯ ಮನೆಯಲ್ಲೇ ಇದ್ದಳು. ಒಲೆಯಿಂದ ಇಳಿಸಿದ ಕಾಫಿ ತಂದು ಎದುರಿಗೆ ಕೂತಳು. ನನ್ನ ಲೋಟವನ್ನು ನಾನು ಸೆರಗಿನಲ್ಲಿ ಹಿಡಿದಿದ್ದೆ, ಅವಳು ಬರಿ ಅಂಗೈಯಲ್ಲಿ. ಆಸ್ಪತ್ರೆಗೆ ಬಾ, ಇನ್ನೊಂದು ಪರೀಕ್ಷೆ ಆಗಬೇಕು ಅಂದೆ. ನಕ್ಕಳು. ಎದ್ದು ಹೋಗಿ ದೇವರ ಪಟದ ಹಿಂದಿನ ಕಾಗದ ತಂದು, ಕವರಿನಿಂದ ತೆಗೆದು ನನ್ನ ಮುಂದೆ ಹರಡಿದಳು. "ನೀನೇ ಕೊಟ್ಟಿದ್ದಲ್ವೇನಮ್ಮ ಇದು?" ಫ್ಯಾನಿನ ಗಾಳಿಗೆ ಅದು ಹಾರಹೋಯಿತು. ಹಾರದಿರಲಿ ಎಂದು ತನ್ನ ಕಾಫಿ ಲೋಟವನ್ನೇ ಅದರ ಮೇಲೆ ಇಟ್ಟಳು.

"ನಾನು ಹೇಳಿದ್ದು ತಪ್ಪು ಅಕ್ಕಯ್ಯ" ಅಂದೆ. "ಇದು ಮಲಗಿದ್ದಾಗ ತೆಗೆದಿದ್ದು. ನೀನು ಮೆಟ್ಟಿಲು ಹತ್ತುವಾಗಿನ ಸುದ್ದಿ ಇದರಲ್ಲಿಲ್ಲ. ನಾನು ಅವತ್ತು ನಿನ್ನನ್ನ ಡಾಕ್ಟರಿಗೆ ತೋರಿಸದೆ ಕಳಿಸಬಾರದಿತ್ತು."

"ಏಂ ಕಾದು. ನೋವಿದ್ರೆ ತಾನೇ?" ಎಂದು ಲೋಟ ಎತ್ತಿದಳು. ಕಾಗದದ ಮೇಲೆ, ಆ ಒಪ್ಪವಾದ ಗೆರೆಗಳ ಮೇಲೆ, ಕಪ್ಪನೆಯ ಒಂದು ಉಂಗುರ ಮೂಡಿತ್ತು.

ಅವಳು ಬಗ್ಗಿ ನೋಡಿದಳು. ಜೆರಾಕ್ಸ್ ಅಂಗಡಿಯವನ ಮಾತು ಅವಳಿಗೆ ನೆನಪಿತ್ತು. ಲೋಟವನ್ನು ನೋಡಿದಳು, ಅದನ್ನು ಹಿಡಿದಿದ್ದ ಕೈ ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, "ಇದು ಅಷ್ಟು ಬಿಸಿ ಇದ್ಯಾ?"

"ಇದೆ ಅಕ್ಕಯ್ಯ."

ಅವಳು ಮೆತ್ತಗೆ ಲೋಟ ಕೆಳಗಿಟ್ಟಳು. ಬಹಳ ಹೊತ್ತು ಅಂಗೈ ತಿರುಗಿಸಿ ತಿರುಗಿಸಿ ನೋಡುತ್ತ ಕೂತಳು. ನಾನು ಹೃದಯದ ವಿಷಯ ಎತ್ತಬೇಕು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಅಂದಳು: "ಹಂಗಾದ್ರೆ ಲಕ್ಷ್ಮೀದೇವಿ ಅವತ್ತು ನಾಟಕ ಆಡಲಿಲ್ಲ."

ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಅಂದರೆ ಕೇಳಲಿಲ್ಲ. ಮೊದಲು ಕೆಂಚಾರ್ಲಹಳ್ಳಿ, ಆಮೇಲೆ ನೀನು ಹೇಳಿದ ಕಡೆ ಅಂದಳು. ಬಸ್ಸು ಇಳಿದು ಊರೊಳಗೆ ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸುತ್ತಿದ್ದೆ. "ನೋವಾಗ್ತಿದ್ಯಾ?" ಎಂದು ಕೇಳಿಯೂ ಕೇಳಿದೆ. ಕೇಳಿ ಏನು ಪ್ರಯೋಜನ ಎಂದು ಆಮೇಲೆ ಹೊಳೆಯಿತು.

ಲಕ್ಷ್ಮೀದೇವಮ್ಮ ರೇಷ್ಮೆಹುಳು ಸಾಕುವ ಮನೆಯ ಮುಂದೆ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಬಲಗೈಯ ಎರಡು ಬೆರಳು ನೆಟ್ಟಗೆ ನಿಂತೇ ಇದ್ದವು. ನಮ್ಮನ್ನು ನೋಡಿ ಎದ್ದಳು, ಬನ್ನಿ ಅನ್ನಲಿಲ್ಲ. ಅಕ್ಕಯ್ಯ ಸುತ್ತಿ ಬಳಸಿ ಮಾತಾಡುವವಳಲ್ಲ.

"ಅವತ್ತು ನೀರು ಕುದೀತಿತ್ತು ಕಣೇ. ನಂಗೆ ಗೊತ್ತಾಗಲಿಲ್ಲ. ಈಗ್ಲೂ ಗೊತ್ತಾಗಲ್ಲ. ನನ್ನ ಕೈ ಸತ್ತೋಗದೆ."

ಲಕ್ಷ್ಮೀದೇವಮ್ಮ ಸೊಪ್ಪಿನ ಬುಟ್ಟಿಯನ್ನು ನೋಡುತ್ತ ನಿಂತಳು. "ಬೇಕಂತಲೇ ಮಾಡ್ದೆ ಅಂದ್ಕೊಂಡಿದ್ದೆ ಅಕ್ಕಯ್ಯ. ಇಷ್ಟು ವರ್ಷ ಹಂಗೇ ಅಂದ್ಕೊಂಡಿದ್ದೆ." ಹುಳಕ್ಕೆ ಸೊಪ್ಪು ಹಾಕುವ ಹೊತ್ತು ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾವು ಸ್ವಲ್ಪ ಹೊತ್ತು ಕಾದೆವು. ಅವಳು ಹೊರಗೆ ಬರಲಿಲ್ಲ. ವಾಪಸು ಬರುವಾಗ ಅಕ್ಕಯ್ಯ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಟ್ರೆಡ್‌ಮಿಲ್ ಮೇಲೆ ಅವಳು ನಡೆದದ್ದು ಸ್ವಲ್ಪವೇ. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. "ಹಿಂಗೆ ನಿಂತಲ್ಲೇ ನಡೆಯೋಕೆ ಇಷ್ಟು ದೂರ ಕರ್ಕೊಂಡು ಬಂದ್ಯಾ?" ಎಂದು ನನ್ನನ್ನು ಕಿಚಾಯಿಸುತ್ತಿದ್ದಳು, ಗೆರೆ ಅವಳ ಹಿಂದಿನ ತೆರೆಯಲ್ಲಿ ಕುಸಿಯುತ್ತಿತ್ತು. ಮುಖದ ಮೇಲೆ ನೋವಿನ ಒಂದು ಸುಕ್ಕಿಲ್ಲ. ನಿಲ್ಲಿಸಿದಾಗ "ಯಾಕೆ? ನಂಗೇನೂ ಆಗಿಲ್ವಲ್ಲ" ಅಂದಳು. ಹನ್ನೆರಡು ವರ್ಷದಲ್ಲಿ ನಾನು ಕಂಡ ಅತ್ಯಂತ ಭಯದ ದೃಶ್ಯ ಅದು. ಬೆಂಗಳೂರಿನಲ್ಲಿ ನೋಡಿದಾಗ ಎರಡು ನಾಳ ಬಹುಪಾಲು ಮುಚ್ಚಿದ್ದವು. ಸ್ಟೆಂಟ್ ಹಾಕಿ ಕಳಿಸಿದರು.

ಆಮೇಲಿನ ನಾಲ್ಕು ವರ್ಷ ಅವಳು ಬದುಕಿದ ರೀತಿಯೇ ಬೇರೆ. ನೆಂಟನ ಮಾತನ್ನು ತಾನೇ ತಿದ್ದಿಕೊಂಡಳು. "ಬಾಗಿಲು ತಟ್ಟಿ ಬರೋನು ನೆಂಟ. ತಟ್ಟದೆ ಒಳಗೆ ಬಂದೋನು ಕಳ್ಳ." ನೋವನ್ನು ಕಾಯಬೇಡಿ, ಉಸಿರು ಕಟ್ಟಿದರೆ, ಸುಮ್ಮನೆ ಬೆವೆತರೆ, ಯಾವತ್ತೂ ಮಾಡುವ ಕೆಲಸಕ್ಕೆ ಸುಸ್ತಾದರೆ ಅದನ್ನೇ ನೋವು ಅಂದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದ್ದರು. ಅದನ್ನು ಶಾಸ್ತ್ರದಂತೆ ಪಾಲಿಸಿದಳು. ಸುಸ್ತಿರಲಿ ಬಿಡಲಿ, ಆರನೆಯ ಮೆಟ್ಟಿಲ ಮೇಲೆ ಕೂರುವಳು. ಮಾತ್ರೆ ಗಡಿಯಾರ ನೋಡಿ. "ಅಳೋ ಮಗು ಹಾಲು ಕೇಳತ್ತೆ. ಅಳದಿರೋ ಮಗೂಗೆ ನಾವೇ ಹೊತ್ತು ನೋಡಿ ಕುಡಿಸಬೇಕು" ಅನ್ನುವಳು. ಸಾಬರಿಗೆ ಹೇಳಿ ಸಾಲಿನ ಪ್ರತಿ ತೊಟ್ಟಿಗೂ ಥರ್ಮಾಮೀಟರು ಕಟ್ಟಿಸಿದಳು. "ಅಮ್ಮಾ, ಜರಾ ನೋಡಿ" ಎಂದು ಅವರು ಅಭ್ಯಾಸಬಲದಿಂದ ಕರೆದರೆ, ಕೈ ಸೊಂಟದ ಮೇಲಿಟ್ಟು "ಅದನ್ನ ಕೇಳಿ, ನನ್ನನ್ನಲ್ಲ" ಎಂದು ಥರ್ಮಾಮೀಟರು ತೋರಿಸುವಳಂತೆ. ಅಷ್ಟು ವರ್ಷದ ಪದವಿಯನ್ನು ಹಾಗೆ ಬಿಟ್ಟುಕೊಡಲು ಎಷ್ಟು ಜನಕ್ಕೆ ಆದೀತು?

ನಮ್ಮ ಆಸ್ಪತ್ರೆಗೂ ಅವಳ ಕಾಟ ತಪ್ಪಲಿಲ್ಲ. ಸಕ್ಕರೆ ಇರುವ ಹೆಂಗಸರನ್ನು ಹುಡುಕಿ, ಎರಡು ಬಟ್ಟಲಿನಲ್ಲಿ ಬೆಚ್ಚನೆಯ ನೀರು, ತಣ್ಣನೆಯ ನೀರು ಇಟ್ಟು, ಕಣ್ಣು ಮುಚ್ಚಿಸಿ ಬೆರಳು ಅದ್ದಿಸುವಳು. ಹೇಳಲು ತಡವರಿಸಿದವರನ್ನು ಬಸ್ಸು ಹತ್ತಿಸಿಕೊಂಡು ಬಂದೇಬಿಡುವಳು. ಒಂದು ಸಲ ಐದು ಜನರನ್ನು ಸಾಲಾಗಿ ಕೂರಿಸಿದ್ದಳು. ಬಿಸಿ ತಿಳಿಯದವರಿಗೆಲ್ಲ ಹೃದಯ ಕೆಟ್ಟಿರುತ್ತೆ ಅಂತಲ್ಲಮ್ಮ ಎಂದು ಡಾಕ್ಟರು ಸಮಾಧಾನವಾಗಿ ಹೇಳಿದರೆ, "ಇಲ್ದಿದ್ರೆ ಒಳ್ಳೇದೇ ಆಯ್ತಲ್ಲ ಡಾಕ್ಟ್ರೇ, ನೋಡಿ ಹೇಳಿ" ಅಂದಳು. ನೋಡಿದರು. ನನಗೆ ಮಾತ್ರ ಪ್ರತಿ ಸಲ ಬಾಗಿಲಲ್ಲಿ ನಿಂತು ಎಚ್ಚರಿಸುವಳು: "ಏನೂ ಇಲ್ಲ ಅಂತ ನೀನು ಹೇಳ್ಬೇಡ ಕಣಮ್ಮ. ಕಾಗದದಲ್ಲಿ ಏನೂ ಕಾಣಿಸ್ತಿಲ್ಲ ಅನ್ನು, ಸಾಕು."

ಕೆಂಚಾರ್ಲಹಳ್ಳಿಗೆ ವರ್ಷಕ್ಕೊಂದು ಸಲ ಹೋಗಿಬರುತ್ತಿದ್ದಳು. ಲಕ್ಷ್ಮೀದೇವಮ್ಮ ಮಾತಾಡಿಸಿದಳಾ ಎಂದು ಕೇಳಿದರೆ "ಸೊಪ್ಪು ಬಿಡಿಸ್ತಿದ್ಲು" ಎನ್ನುವಳು. ಅದಕ್ಕಿಂತ ಹೆಚ್ಚು ನಾನೂ ಕೇಳುತ್ತಿರಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಒಲೆಯ ಮೇಲೆ ಕಾಫಿಗೆ ನೀರಿಟ್ಟು ಗೋಡೆಗೆ ಒರಗಿ ಕೂತವಳು ಹಾಗೇ ಇದ್ದಳು. ಹೃದಯವೇ ಎಂದರು. ಆ ಗಳಿಗೆಯಲ್ಲಾದರೂ ನೋವು ಬಾಗಿಲು ತಟ್ಟಿತೋ ಇಲ್ಲವೋ, ಹೇಳುವವರಿಲ್ಲ. ನಾಲ್ಕು ವರ್ಷ ಸಿಕ್ಕಿತಲ್ಲ ಎಂದು ಡಾಕ್ಟರು ನನಗೆ ಹೇಳಿದರು. ಆ ನಾಲ್ಕು ವರ್ಷಕ್ಕಿಂತ, ನಾನು ಹಾಳುಮಾಡಿದ ಎಂಟು ತಿಂಗಳೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಾನು ಹೋಗುವ ಹೊತ್ತಿಗೆ ಅಂಗಳದಲ್ಲಿ ಮೂರು ಕಲ್ಲು ಹೂಡಿ ಹಂಡೆಯಲ್ಲಿ ನೀರು ಕಾಯಿಸಿದ್ದರು. ಮೈ ತೊಳೆಯಲು ಹೆಂಗಸರು ಸೀರೆ ಮರೆಮಾಡಿ ನಿಂತಿದ್ದರು. ತಮ್ಮನ ಮಗಳು ಅಳುತ್ತಲೇ ಚೊಂಬಿನಲ್ಲಿ ನೀರು ಮೊಗೆದಳು. ಆಗ ಹಿಂದಿನಿಂದ ಒಬ್ಬಳು ಮುಂದೆ ಬಂದು ಅವಳ ಕೈ ತಡೆದಳು. ಲಕ್ಷ್ಮೀದೇವಮ್ಮ. ಯಾರು ಸುದ್ದಿ ಮುಟ್ಟಿಸಿದ್ದರೋ, ಯಾವಾಗ ಬಂದಿದ್ದಳೋ ನನಗೆ ತಿಳಿಯದು. ಹಂಡೆಗೆ ಬಲಗೈ ಅದ್ದಿ ತಟ್ಟನೆ ಹಿಂದಕ್ಕೆ ತೆಗೆದಳು. ನೆಟ್ಟಗೆ ನಿಂತ ಆ ಎರಡು ಬೆರಳಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬಿಸಿ ಜಾಸ್ತಿ ಐತೆ, ತಣ್ಣೀರು ಬೆರೆಸ್ರಮ್ಮಾ" ಅಂದಳು. "ಆಯಮ್ಮನಿಗೆ ಗೊತ್ತಾಗಲ್ಲ."

ನಾನು ಹೋಗಿ ಒಂದು ಬಿಂದಿಗೆ ತಣ್ಣೀರು ತಂದೆ.